ಸಿಮ್ಯುಲೇಟರಿನಿಂದ ಯಂತ್ರದವರೆಗೆ: ಬುದ್ಧಿವಂತ ನಿಯಂತ್ರಣದಲ್ಲಿ ಸಂಶೋಧನೆ ನಡೆಸಲು ಸಮಗ್ರ ಮಾರ್ಗದರ್ಶಿ

ರೋಬಾಟಿಕ್ಸ್ ಸಂಶೋಧನೆಗೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಮೊದಲು ಸಿಮ್ಯುಲೇಟರ್ ಒಂದನ್ನು ಇನ್‌ಸ್ಟಾಲ್ ಮಾಡಿಕೊಂಡು, ಅದರ ಜೊತೆಗೇ ಬರುವ ಉದಾಹರಣೆಯನ್ನು ಓಡಿಸಿ, ಪರದೆಯ ಮೇಲೆ ರೋಬಾಟ್ ಹೆಜ್ಜೆ ಹಾಕುವುದನ್ನು ಕಂಡು ಖುಷಿಪಡುತ್ತಾರೆ. ಆ ಖುಷಿ ತಪ್ಪಲ್ಲ; ಬಹಳ ಜನರನ್ನು ಈ ಕ್ಷೇತ್ರಕ್ಕೆ ಎಳೆದು ತಂದಿರುವುದೇ ಅದು. ಆದರೆ ಪರದೆಯ ಮೇಲೆ ಕಂಡದ್ದನ್ನೇ ಫಲಿತಾಂಶವೆಂದು ಬರೆದುಬಿಟ್ಟರೆ ಸಂಶೋಧನೆ ಅಲ್ಲಿಗೇ ದಾರಿ ತಪ್ಪುತ್ತದೆ. ಸಿಮ್ಯುಲೇಟರಿನಲ್ಲಿರುವುದು ನಾವೋ ಬೇರೆಯವರೋ ಬರೆದ ಸಮೀಕರಣಗಳು ಮತ್ತು ಅವುಗಳಿಗೆ ತುಂಬಿದ ಅಂಕಿಗಳು. ಆದ್ದರಿಂದ ಅದು ಹೇಳುವುದೆಲ್ಲವೂ ಪರೀಕ್ಷೆಗೆ ಒಳಪಡಬೇಕಾದ ಊಹೆಯೇ. ಆ ಊಹೆಯನ್ನು ಹಂತಹಂತವಾಗಿ, ಆದಷ್ಟು ಬೇಗ ಮತ್ತು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವ ಬಗೆಯನ್ನು ಈ ಮಾರ್ಗದರ್ಶಿ ವಿವರಿಸುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ: ಗಾಡಿಯೊಂದರ ಮೇಲೆ ಕೀಲಿನಿಂದ ಜೋಡಿಸಿದ ಕೋಲನ್ನು, ಗಾಡಿಯನ್ನು ಹಿಂದೆ ಮುಂದೆ ಓಡಿಸುತ್ತ ನೆಟ್ಟಗೆ ನಿಲ್ಲಿಸುವ ತಲೆಕೆಳಗಾದ ಲೋಲಕ. ಬಾರ್ಟೊ, ಸಟ್ಟನ್ ಮತ್ತು ಆಂಡರ್ಸನ್ 1983ರಲ್ಲಿ ಯಂತ್ರವು ಅನುಭವದಿಂದಲೇ ನಿಯಂತ್ರಣವನ್ನು ಕಲಿಯಬಲ್ಲದೆಂದು ತೋರಿಸಲು ಬಳಸಿದ್ದು ಇದನ್ನೇ. ಗಾಡಿಯ ಬದಲು ತಿರುಗುವ ತೋಳಿರುವ ಇದರ ಇನ್ನೊಂದು ರೂಪವು ಫುರುಟಾ ಲೋಲಕವೆಂದು ಹೆಸರಾಗಿದೆ. ಇದು ಚಿಕ್ಕ ಯಂತ್ರ. ಆದರೆ ಅಸ್ಥಿರತೆ, ಘರ್ಷಣೆ, ವಿಳಂಬ, ಸೆನ್ಸರಿನ ಒರಟುತನ ಎಲ್ಲವೂ ಇದರೊಳಗೇ ಇವೆ. ನಾಲ್ಕು ಕಾಲಿನ ರೋಬಾಟಿನಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಇಲ್ಲಿಯೂ ಆಗುತ್ತವೆ, ಮತ್ತು ಇಲ್ಲಿ ಅವು ಬೇಗನೆ ಕಣ್ಣಿಗೆ ಬೀಳುತ್ತವೆ.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ನ್ಯೂರಲ್ ನೆಟ್‌ವರ್ಕ್ ಬಳಸಿ ರೋಬಾಟನ್ನು ನಿಯಂತ್ರಿಸುವುದು" ಎಂಬುದು ವಿಷಯವಾದೀತೇ ಹೊರತು ಪ್ರಶ್ನೆಯಾಗಲಾರದು, ಏಕೆಂದರೆ ಅದಕ್ಕೆ "ಇಲ್ಲ" ಎಂಬ ಉತ್ತರ ಬರಲು ಸಾಧ್ಯವೇ ಇಲ್ಲ. ಇದರ ಬದಲು ಹೀಗೆ ಬರೆದು ನೋಡಿ: "ಮೋಟಾರಿಗೆ ಹೋಗುವ ಆಜ್ಞೆ 20 ಮಿಲಿಸೆಕೆಂಡ್ ತಡವಾಗಿ ತಲುಪುವ ಯಂತ್ರದಲ್ಲಿ, ಸಿಮ್ಯುಲೇಶನ್‌ನಲ್ಲಿ ಕಲಿತ ನಿಯಂತ್ರಕವು ಎಲ್‌ಕ್ಯೂಆರ್ ನಿಯಂತ್ರಕಕ್ಕಿಂತ ಹೆಚ್ಚು ಓರೆಯಾದ ಸ್ಥಿತಿಯಿಂದ ಕೋಲನ್ನು ಚೇತರಿಸಬಲ್ಲದೇ?" ಏನನ್ನು ಅಳೆಯಬೇಕು, ಯಾವುದರೊಂದಿಗೆ ಹೋಲಿಸಬೇಕು, ಯಾವ ಪರಿಸ್ಥಿತಿಯಲ್ಲಿ ಎಂಬ ಮೂರೂ ಇದರಲ್ಲಿವೆ. (ಎಲ್‌ಕ್ಯೂಆರ್ ಎಂದರೆ, ಯಂತ್ರದ ರೇಖೀಯ ಮಾದರಿಯನ್ನು ಹಿಡಿದು, ಓರೆಗೂ ಬಳಸಿದ ಬಲಕ್ಕೂ ತೂಕ ಕೊಟ್ಟು, ಕಲಿಕೆಯಿಲ್ಲದೆ ಗಣಿತದಿಂದಲೇ ನಿಯಂತ್ರಕವನ್ನು ಪಡೆಯುವ ಹಳೆಯ ವಿಧಾನ.) ಪ್ರಶ್ನೆಯ ಕೆಳಗೇ, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪೆಂದು ಒಪ್ಪುತ್ತೀರಿ ಎಂಬುದನ್ನೂ ಬರೆದು ದಿನಾಂಕ ಹಾಕಿಡಿ. ಆರು ತಿಂಗಳ ನಂತರ, ಬಂದ ಫಲಿತಾಂಶಕ್ಕೆ ತಕ್ಕಂತೆ ಪ್ರಶ್ನೆಯನ್ನೇ ತಿದ್ದಿಕೊಳ್ಳುವ ಆಸೆ ಹುಟ್ಟಿದಾಗ ಆ ಪುಟ ನಿಮ್ಮನ್ನು ತಡೆಯುತ್ತದೆ.

ಹಿಂದಿನ ಸಾಹಿತ್ಯವನ್ನು ಓದುವಾಗ ಎರಡು ಓಣಿಗಳಲ್ಲೂ ಓಡಾಡಬೇಕು. ಐಸಿಆರ್‌ಎ, ಐಆರ್‌ಒಎಸ್, ಆರ್‌ಎಸ್‌ಎಸ್, 2017ರಲ್ಲಿ ಆರಂಭವಾದ ಸಿಒಆರ್‌ಎಲ್ ಮುಂತಾದ ರೋಬಾಟಿಕ್ಸ್ ಮತ್ತು ಕಲಿಕೆಯ ಸಮ್ಮೇಳನಗಳ ಪ್ರಬಂಧಗಳು ಒಂದು ಕಡೆಯವು. ಇನ್ನೊಂದು ಕಡೆ ನಿಯಂತ್ರಣ ಸಿದ್ಧಾಂತದ ದೀರ್ಘ ಪರಂಪರೆಯಿದೆ: ಹಡಗಿನ ಚುಕ್ಕಾಣಿಯನ್ನು ಕುರಿತ ಮಿನೋರ್ಸ್ಕಿಯವರ 1922ರ ವಿಶ್ಲೇಷಣೆ, ಪಿಐಡಿ ನಿಯಂತ್ರಕವನ್ನು (ಈಗಿನ ತಪ್ಪು, ಕೂಡುತ್ತ ಬಂದ ತಪ್ಪು, ತಪ್ಪು ಬದಲಾಗುವ ವೇಗ ಈ ಮೂರನ್ನು ನೋಡಿ ಆಜ್ಞೆ ಕೊಡುವಂಥದ್ದು) ಹೊಂದಿಸಲು ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ನಿಯಮಗಳು, ಎಲ್‌ಕ್ಯೂಆರ್‌ಗೂ ಕಾಲ್ಮನ್ ಸೋಸುಕಕ್ಕೂ ಬುನಾದಿಯಾದ ಕಾಲ್ಮನ್ ಅವರ 1960ರ ಕೆಲಸ, 1965ರಲ್ಲಿ ಝಾದೆ ಮಂಡಿಸಿದ ಫಜಿ ಗಣಗಳು (ಸದಸ್ಯತ್ವವು ಹೌದು-ಅಲ್ಲ ಎಂದಿರದೆ ಹೆಚ್ಚು-ಕಡಿಮೆಯಾಗಿರಬಲ್ಲ ಗಣಗಳು), ಅವುಗಳ ಆಧಾರದ ಮೇಲೆ ಮಮ್ದಾನಿ 1970ರ ದಶಕದಲ್ಲಿ ಉಗಿಯಂತ್ರವೊಂದಕ್ಕೆ ಕಟ್ಟಿದ ನಿಯಂತ್ರಕ. ಕಲಿಕೆಯ ಕಡೆಯವರು ಹೊಸದೆಂದು ಮಂಡಿಸುವ ಉಪಾಯಗಳಲ್ಲಿ ಕೆಲವು ನಿಯಂತ್ರಣದ ಕಡೆಯವರಿಗೆ ದಶಕಗಳಿಂದ ಗೊತ್ತಿರುವಂಥವು. ಎರಡನ್ನೂ ಓದಿದವರಿಗೆ ಆ ಮುಜುಗರ ತಪ್ಪುತ್ತದೆ.

2. ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿರಿ

ನಮ್ಮ ಕೋಲು 60 ಸೆಂಟಿಮೀಟರ್ ಉದ್ದವಿದ್ದು, ಉದ್ದಕ್ಕೂ ಒಂದೇ ದಪ್ಪವಾಗಿದೆ ಎಂದುಕೊಳ್ಳೋಣ. ಕೀಲು ಕದಲದಂತೆ ಹಿಡಿದರೆ, ನೆಟ್ಟಗೆ ನಿಂತ ಕೋಲು ಬೀಳುವ ವೇಗವನ್ನು ನಿರ್ಧರಿಸುವ ಅಸ್ಥಿರ ಧ್ರುವವು ಗುರುತ್ವ ವೇಗೋತ್ಕರ್ಷದ ಮೂರರಷ್ಟನ್ನು ಉದ್ದದ ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲ. 9.81ನ್ನೂ 0.6ನ್ನೂ ಹಾಕಿದರೆ ಸೆಕೆಂಡಿಗೆ ಸುಮಾರು 4.95 ರೇಡಿಯನ್ ಬರುತ್ತದೆ. ಅಂದರೆ, ಬೀಳಲಾರಂಭಿಸಿದ ಕೋಲಿನ ಓರೆ ಸುಮಾರು 0.2 ಸೆಕೆಂಡಿಗೊಮ್ಮೆ 2.7 ಪಟ್ಟು ಹೆಚ್ಚುತ್ತ ಹೋಗುತ್ತದೆ.

ಈ ಒಂದು ಅಂಕಿಯಿಂದ ಎಷ್ಟೋ ವಿಷಯ ತಿಳಿಯುತ್ತದೆ. ನಿಯಂತ್ರಕವು ಇದರ ಎರಡರಷ್ಟಾದರೂ ಚುರುಕಾಗಿರಬೇಕೆಂಬ ರೂಢಿಯ ಅಂದಾಜನ್ನು ಹಿಡಿದರೆ, ಅದು ಸೆಕೆಂಡಿಗೆ ಸುಮಾರು 10 ರೇಡಿಯನ್ ಆವರ್ತದವರೆಗೆ ಕೆಲಸ ಮಾಡಬೇಕು. ಆ ಆವರ್ತದಲ್ಲಿ 20 ಮಿಲಿಸೆಕೆಂಡ್ ವಿಳಂಬವು 0.2 ರೇಡಿಯನ್, ಅಂದರೆ ಸುಮಾರು 11.5 ಡಿಗ್ರಿಯಷ್ಟು ಕಲಾಂತರವನ್ನು (ವ್ಯವಸ್ಥೆ ಅಸ್ಥಿರವಾಗುವ ಮೊದಲು ತಡವಾಗಲು ಇರುವ ಅವಕಾಶ, ಕೋನದ ಅಳತೆಯಲ್ಲಿ) ನುಂಗಿಹಾಕುತ್ತದೆ. ಅದನ್ನು ತಾಳಿಕೊಳ್ಳಬಹುದು. ವಿಳಂಬ 100 ಮಿಲಿಸೆಕೆಂಡ್ ಆದರೆ ನಷ್ಟ 57 ಡಿಗ್ರಿ. ಆಗ ಎಷ್ಟೇ ಬುದ್ಧಿವಂತ ನಿಯಂತ್ರಕವಾದರೂ ಕಷ್ಟಕ್ಕೆ ಸಿಲುಕುತ್ತದೆ. ವಾರಗಟ್ಟಲೆ ತರಬೇತಿ ಕೊಟ್ಟ ಮೇಲೆ ತಿಳಿಯುವ ಸಂಗತಿಯನ್ನು ಇಲ್ಲಿ ಹತ್ತು ನಿಮಿಷದಲ್ಲಿ ತಿಳಿದುಕೊಂಡಂತಾಯಿತು.

3. ಯಂತ್ರವನ್ನು ಅಳೆಯಿರಿ

ತಯಾರಕರು ಕೊಟ್ಟ ಅಂಕಿಗಳನ್ನು ಹಾಗೆಯೇ ಸಿಮ್ಯುಲೇಟರಿಗೆ ತುಂಬಬೇಡಿ. ಕೋಲಿನ ಜಡತ್ವವನ್ನು ಪರೀಕ್ಷಿಸಲು ಒಂದು ಸ್ಟಾಪ್‌ವಾಚ್ ಸಾಕು. ಗಾಡಿಯನ್ನು ಬಿಗಿಯಾಗಿ ಹಿಡಿದಿಟ್ಟು, ಕೋಲನ್ನು ಕೆಳಮುಖವಾಗಿ ತೂಗಾಡಲು ಬಿಡಿ. ಓಲಾಟ 10 ಡಿಗ್ರಿಯ ಒಳಗಿರಲಿ. ಮೇಲಿನ ಲೆಕ್ಕದ ಪ್ರಕಾರ ಒಂದು ಪೂರ್ಣ ಓಲಾಟಕ್ಕೆ 1.27 ಸೆಕೆಂಡ್, 20 ಓಲಾಟಗಳಿಗೆ 25.4 ಸೆಕೆಂಡ್ ಹಿಡಿಯಬೇಕು. ನಿಮ್ಮ ಗಡಿಯಾರ 26 ಸೆಕೆಂಡ್ ತೋರಿಸಿದರೆ ಅದನ್ನು ಕೈತಪ್ಪು ಎಂದು ತಳ್ಳಿಹಾಕಬೇಡಿ. ಕೋಲಿನ ತೂಕದ ಕೇವಲ 5 ಪ್ರತಿಶತದಷ್ಟಿರುವ ಒಂದು ರಬ್ಬರ್ ಟೋಪಿ ತುದಿಯಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಬರುತ್ತದೆ. ನಕ್ಷೆಯಲ್ಲಿ ಆ ಟೋಪಿ ಇರುವುದಿಲ್ಲ, ಯಂತ್ರದಲ್ಲಿ ಇರುತ್ತದೆ.

ಓಲಾಟ ಕ್ರಮೇಣ ನಿಲ್ಲುವ ಬಗೆಯನ್ನೂ ದಾಖಲಿಸಿ. ಓಲಾಟದ ಗರಿಷ್ಠ ಕೋನಗಳನ್ನು ಕಾಲದೆದುರು ಗುರುತಿಸಿದಾಗ, ಅವು ಪ್ರತಿ ಬಾರಿಯೂ ಒಂದೇ ಅನುಪಾತದಲ್ಲಿ ಇಳಿಯುತ್ತಿದ್ದರೆ ಕೀಲಿನಲ್ಲಿರುವುದು ವೇಗಕ್ಕೆ ತಕ್ಕಂತೆ ಹೆಚ್ಚುವ ಸ್ನಿಗ್ಧ ಘರ್ಷಣೆ. ಪ್ರತಿ ಬಾರಿಯೂ ಒಂದೇ ಅಳತೆಯಷ್ಟು, ನೇರ ಗೆರೆಯಲ್ಲಿ ಇಳಿಯುತ್ತಿದ್ದರೆ ವೇಗವನ್ನು ಲೆಕ್ಕಿಸದ ಒಣ ಘರ್ಷಣೆ. ಹೆಚ್ಚಿನ ಯಂತ್ರಗಳಲ್ಲಿ ಎರಡೂ ಬೆರೆತಿರುತ್ತವೆ. ಗಾಡಿ ಕದಲಲು ಮೋಟಾರಿಗೆ ಕನಿಷ್ಠ ಎಷ್ಟು ವೋಲ್ಟೇಜ್ ಬೇಕೆಂಬುದನ್ನು ಹಳಿಯ ಹಲವು ಕಡೆ, ಎರಡೂ ದಿಕ್ಕಿನಲ್ಲಿ ನೋಡಿ. ಪ್ರತಿ ಅಳತೆಯನ್ನು ಹಲವು ಸಲ ಮಾಡಿ, ಅಳತೆಗಳ ಹರವನ್ನೂ ಬರೆದಿಡಿ. ಆ ಹರವು ಮುಂದೆ ಆರನೆಯ ಹಂತದಲ್ಲಿ ನೇರವಾಗಿ ಬಳಕೆಗೆ ಬರುತ್ತದೆ.

4. ಸಿಮ್ಯುಲೇಟರನ್ನು ಆರಿಸಿ, ನಂಬುವ ಮೊದಲು ಪರೀಕ್ಷಿಸಿ

ಆಯ್ಕೆಗಳು ಹಲವಿವೆ. 2002ರ ಸುಮಾರಿಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಗಝೀಬೊ, ಆರ್‌ಒಎಸ್ ಎಂಬ ರೋಬಾಟ್ ತಂತ್ರಾಂಶದ ಚೌಕಟ್ಟಿನ ಜೊತೆಗೆ ಕೆಲಸ ಮಾಡುವವರಿಗೆ ಅನುಕೂಲಕರ. ಮುಜೊಕೊ ಹಿಂದೆ ಹಣ ಕೊಟ್ಟು ಪಡೆಯಬೇಕಾದ ತಂತ್ರಾಂಶವಾಗಿತ್ತು. ಡೀಪ್‌ಮೈಂಡ್ ಅದನ್ನು 2021ರಲ್ಲಿ ಕೊಂಡು 2022ರಲ್ಲಿ ಮುಕ್ತ ಆಕರವಾಗಿಸಿತು. ಹಸ್ತ ಮತ್ತು ಪಾದಗಳ ಸ್ಪರ್ಶವನ್ನು ಒಳಗೊಂಡ ಕೆಲಸಕ್ಕೆ ಅದು ಹೆಚ್ಚು ಬಳಕೆಯಲ್ಲಿದೆ. ಆದರೆ ನೆಲದ ಸ್ಪರ್ಶವೇ ಇಲ್ಲದ ನಮ್ಮ ಲೋಲಕಕ್ಕೆ ಇವು ಯಾವುವೂ ಬೇಕಾಗಿಲ್ಲ. ಚಲನೆಯ ಸಮೀಕರಣಗಳನ್ನು ನೀವೇ ಬರೆದು, ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಲೆಕ್ಕ ಹಾಕುವ ನಾಲ್ಕನೆಯ ದರ್ಜೆಯ ರುಂಗೆ-ಕುಟ್ಟಾ ವಿಧಾನದಿಂದ ಬಿಡಿಸಿದರೆ ಐವತ್ತು ಸಾಲುಗಳ ಕೋಡ್‌ನಲ್ಲಿ ಕೆಲಸ ಮುಗಿಯುತ್ತದೆ. ಮೊದಲ ಯೋಜನೆಯಲ್ಲಿ ಹೀಗೆ ಮಾಡುವುದೇ ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಪ್ರತಿ ಅಂಕಿಯೂ ಎಲ್ಲಿಂದ ಬಂತೆಂದು ನಿಮಗೆ ಆಗ ಗೊತ್ತಿರುತ್ತದೆ.

ಯಾವ ಸಿಮ್ಯುಲೇಟರಾದರೂ ಮೊದಲ ಪರೀಕ್ಷೆ ಶಕ್ತಿಯದು. ಘರ್ಷಣೆಯನ್ನು ಸೊನ್ನೆ ಮಾಡಿ, ಮೋಟಾರನ್ನು ಆಫ್ ಮಾಡಿ, ಕೋಲನ್ನು ಕೆಳಮುಖವಾಗಿ ತೂಗಾಡಲು ಬಿಟ್ಟು ಒಟ್ಟು ಶಕ್ತಿಯ ಗ್ರಾಫ್ ಎಳೆಯಿರಿ. ಅದು ಏರದೆ ಇಳಿಯದೆ ಸಮತಲವಾದ ಗೆರೆಯಾಗಿರಬೇಕು. ಸರಳ ಆಯ್ಲರ್ ವಿಧಾನವನ್ನು 10 ಮಿಲಿಸೆಕೆಂಡ್ ಹೆಜ್ಜೆಯೊಂದಿಗೆ ಬಳಸಿದರೆ ಏನಾಗುತ್ತದೆಂದು ನೋಡಿ: ಗಾಡಿ ಕದಲದಂತೆ ಇಟ್ಟರೆ, ಸಣ್ಣ ಓಲಾಟಗಳಲ್ಲಿ ಪ್ರತಿ ಹೆಜ್ಜೆಗೂ ಶಕ್ತಿ 0.245 ಪ್ರತಿಶತ ಹೆಚ್ಚುತ್ತದೆ. ಕೇಳಲು ಅಲ್ಪವೇ. ಆದರೆ ಸೆಕೆಂಡಿಗೆ ನೂರು ಹೆಜ್ಜೆಗಳಾದ್ದರಿಂದ ಒಂದೇ ಸೆಕೆಂಡಿನಲ್ಲಿ ಶಕ್ತಿ ಸುಮಾರು 28 ಪ್ರತಿಶತ ಏರುತ್ತದೆ. ಯಾರೂ ಮುಟ್ಟದ ಲೋಲಕ ತಾನಾಗಿಯೇ ಹೆಚ್ಚು ಹೆಚ್ಚು ತೂಗಾಡುತ್ತದೆ. ಹೆಜ್ಜೆಯನ್ನು 1 ಮಿಲಿಸೆಕೆಂಡಿಗೆ ಇಳಿಸಿದರೂ ಸೆಕೆಂಡಿಗೆ 2.5 ಪ್ರತಿಶತದ ಏರಿಕೆ ಉಳಿಯುತ್ತದೆ. ಇಂಥ ಸಿಮ್ಯುಲೇಟರಿನಲ್ಲಿ ಕಲಿತ ನಿಯಂತ್ರಕವು, ಜಗತ್ತಿನಲ್ಲಿಲ್ಲದ ಶಕ್ತಿಯೊಂದನ್ನು ಹತ್ತಿಕ್ಕುವುದನ್ನು ಕಲಿತಿರುತ್ತದೆ. ಕಲಿಕೆಯ ಪ್ರಯೋಗಗಳಿಗೆಂದು ಕಟ್ಟಿದ, ಜನಪ್ರಿಯವಾದ ಜಿಮ್ ಸಂಗ್ರಹದಲ್ಲಿರುವ ಇದೇ ಗಾಡಿ-ಕೋಲಿನ ಕಾರ್ಟ್‌ಪೋಲ್ ಪರಿಸರವೂ ಮೂಲ ರೂಪದಲ್ಲಿ 0.02 ಸೆಕೆಂಡ್ ಹೆಜ್ಜೆಯ ಆಯ್ಲರ್ ವಿಧಾನವನ್ನೇ ಬಳಸುತ್ತದೆ. ಕಲಿಕೆಯ ಕ್ರಮವಿಧಿಗಳನ್ನು (ಅಲ್ಗಾರಿದಮ್‌ಗಳನ್ನು) ಹೋಲಿಸಲು ಅದು ಸಾಕಾಗಬಹುದು; ಆದರೆ ನಿಮ್ಮ ಮೇಜಿನ ಮೇಲಿರುವ ಯಂತ್ರದ ಪ್ರತಿರೂಪವೆಂದು ಅದನ್ನು ಭಾವಿಸಬಾರದು.

ಎರಡನೆಯ ಪರೀಕ್ಷೆ: ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸಿ. ನಿಮ್ಮ ಮುಖ್ಯ ಫಲಿತಾಂಶ ಬದಲಾದರೆ ಮೊದಲಿನ ಹೆಜ್ಜೆ ದೊಡ್ಡದಾಗಿತ್ತು. ಮೂರನೆಯದಾಗಿ, ಯಂತ್ರದ ಮೇಲೆ ದಾಖಲಿಸಿದ ಓಲಾಟವನ್ನು ಅದೇ ಆರಂಭಸ್ಥಿತಿಯಿಂದ ಸಿಮ್ಯುಲೇಟರಿನಲ್ಲಿ ಓಡಿಸಿ, ಎರಡು ಗೆರೆಗಳನ್ನೂ ಒಂದರ ಮೇಲೊಂದು ಎಳೆಯಿರಿ. ಈ ಚಿತ್ರವನ್ನು ಪ್ರಬಂಧದಲ್ಲಿ ಸೇರಿಸಿ. ಅದು ಇಲ್ಲದ ಪ್ರಬಂಧವನ್ನು ಓದುವಾಗ ನನ್ನಲ್ಲಿ ಅನುಮಾನ ಉಳಿದೇ ಉಳಿಯುತ್ತದೆ.

ಇಷ್ಟಾದ ಮೇಲೆ ಸೆನ್ಸರಿನ ಒರಟುತನವನ್ನು ಸೇರಿಸಬೇಕು. ಕೋನವನ್ನು ಎಣಿಕೆಗಳಲ್ಲಿ ಅಳೆಯುವ ಸೆನ್ಸರಾದ ಎನ್‌ಕೋಡರ್ ಒಂದು ಸುತ್ತಿಗೆ 2048 ಎಣಿಕೆ ಕೊಡುವುದಾದರೆ, ಅದರಲ್ಲಿ ಒಂದು ಎಣಿಕೆಯೆಂದರೆ 0.176 ಡಿಗ್ರಿ, ಅಂದರೆ 0.00307 ರೇಡಿಯನ್. ಕೋನದ ವ್ಯತ್ಯಾಸವನ್ನು 1 ಮಿಲಿಸೆಕೆಂಡಿನಿಂದ ಭಾಗಿಸಿ ವೇಗವನ್ನು ಪಡೆಯುತ್ತಿದ್ದರೆ, ನಿಮ್ಮ ಪ್ರೋಗ್ರಾಮಿನ ಕಣ್ಣಿಗೆ ಕೋಲಿನ ವೇಗವು ಒಂದೋ ಸೊನ್ನೆ, ಇಲ್ಲವೇ ಸೆಕೆಂಡಿಗೆ 3.07 ರೇಡಿಯನ್, ನಡುವೆ ಬೇರೆ ಬೆಲೆಯೇ ಇಲ್ಲ. ಸಿಮ್ಯುಲೇಶನ್‌ನಲ್ಲಿ ನುಣುಪಾಗಿದ್ದ ನಿಯಂತ್ರಕವು ಯಂತ್ರದ ಮೇಲೆ ಕರ್ಕಶವಾಗಿ ಗುರುಗುಟ್ಟಲು ಹಲವು ಬಾರಿ ಇದೇ ಕಾರಣ. ಸೋಸುಕ (ಫಿಲ್ಟರ್) ಹಾಕಿದರೆ ಗದ್ದಲ ಕಡಿಮೆಯಾಗುತ್ತದೆ, ಆದರೆ ವಿಳಂಬ ಹೆಚ್ಚುತ್ತದೆ. ಆ ವಿಳಂಬವನ್ನೂ ಸಿಮ್ಯುಲೇಟರಿನಲ್ಲಿ ಇಡಬೇಕು.

5. ಹೋಲಿಕೆಗೆ ಪ್ರಾಮಾಣಿಕ ಎದುರಾಳಿಯನ್ನು ನಿಲ್ಲಿಸಿ

ಹೊಸ ವಿಧಾನ ಗೆಲ್ಲಬೇಕೆಂಬ ಆಸೆಯಲ್ಲಿ ಹಳೆಯ ವಿಧಾನವನ್ನು ಅರೆಮನಸ್ಸಿನಿಂದ ಹೊಂದಿಸುವುದು ಈ ಕ್ಷೇತ್ರದ ಬಹು ದೊಡ್ಡ ದೌರ್ಬಲ್ಯ. ಕಲಿಕೆಯ ನಿಯಂತ್ರಕದ ಅಂಕಿಗಳನ್ನು ಹೊಂದಿಸಲು ನೂರು ಪ್ರಯತ್ನಗಳನ್ನು ಮಾಡಿದ್ದರೆ, ಎಲ್‌ಕ್ಯೂಆರ್‌ನ ತೂಕಗಳನ್ನು ಹೊಂದಿಸಲೂ ನೂರು ಪ್ರಯತ್ನ ಮಾಡಿ, ಮತ್ತು ಅದನ್ನು ಪ್ರಬಂಧದಲ್ಲಿ ಬರೆಯಿರಿ. ವಿಳಂಬವು ತಿಳಿದಿದ್ದರೆ ಅದನ್ನು ಮಾದರಿಯಲ್ಲಿ ಸೇರಿಸಿಯೇ ಎಲ್‌ಕ್ಯೂಆರ್ ವಿನ್ಯಾಸಗೊಳಿಸಿ. ವಿಳಂಬವನ್ನು ಕಲಿಕೆಯ ನಿಯಂತ್ರಕಕ್ಕೆ ಮಾತ್ರ ತೋರಿಸಿ, ಎದುರಾಳಿಯಿಂದ ಮರೆಮಾಡುವುದು ಸರಿಯಾದ ಹೋಲಿಕೆಯಲ್ಲ.

ಎದುರಾಳಿಯ ಮಿತಿಗಳೂ ತಿಳಿದಿರಲಿ. ಎಲ್ಲ ಸ್ಥಿತಿಗಳನ್ನೂ (ಇಲ್ಲಿ ಕೋನ, ಗಾಡಿಯ ಸ್ಥಾನ ಮತ್ತು ಅವೆರಡರ ವೇಗ) ನೇರವಾಗಿ ಅಳೆಯಬಲ್ಲ, ವಿಳಂಬವಿಲ್ಲದ ಆದರ್ಶ ಎಲ್‌ಕ್ಯೂಆರ್‌ಗೆ ಕನಿಷ್ಠ 60 ಡಿಗ್ರಿಯ ಕಲಾಂತರದ ಭದ್ರತೆ ಇದೆಯೆಂದು ಸಿದ್ಧವಾಗಿದೆ. ಆದರೆ ಸ್ಥಿತಿಗಳನ್ನು ಕಾಲ್ಮನ್ ಸೋಸುಕದಿಂದ ಅಂದಾಜಿಸಲು ಹೊರಟರೆ ಅಂಥ ಯಾವ ಖಾತರಿಯೂ ಉಳಿಯುವುದಿಲ್ಲವೆಂದು ಡಾಯ್ಲ್ 1978ರಲ್ಲೇ ತೋರಿಸಿದ್ದಾರೆ. ನಿಮ್ಮ ಹೊಸ ನಿಯಂತ್ರಕಕ್ಕೆ ನಿಜವಾದ ಅವಕಾಶವಿರುವುದು ಇಂಥ ಬಿರುಕುಗಳಲ್ಲೇ.

6. ಕಲಿಯುವ ನಿಯಂತ್ರಕವನ್ನು ಕಟ್ಟಿರಿ

ಇಲ್ಲಿ ಮೊದಲ ತೊಡಕು ಪ್ರತಿಫಲದ ಸೂತ್ರ, ಅಂದರೆ ನಿಯಂತ್ರಕದ ಪ್ರತಿ ನಡೆಗೂ ಅಂಕ ಕೊಡುವ ನಿಯಮ; ಹೆಚ್ಚು ಅಂಕ ಸಿಗುವಂತೆ ನಡೆಯುವುದನ್ನೇ ಅದು ಕಲಿಯುತ್ತದೆ. ಕೋಲು ನೆಟ್ಟಗಿರುವಷ್ಟು ಹೊತ್ತು ಅಂಕ ಕೊಡುತ್ತೇವೆಂದು ಮಾತ್ರ ಹೇಳಿದರೆ, ನಿಯಂತ್ರಕವು ಕೋಲನ್ನು ನೆಟ್ಟಗೆ ಹಿಡಿದುಕೊಂಡೇ ಗಾಡಿಯನ್ನು ಮೆಲ್ಲನೆ ಹಳಿಯ ತುದಿಗೆ ಒಯ್ಯುತ್ತದೆ, ಏಕೆಂದರೆ ಮಧ್ಯದಲ್ಲಿರಬೇಕೆಂದು ಯಾರೂ ಕೇಳಿರಲಿಲ್ಲ. ಬಲಕ್ಕೆ ದಂಡ ವಿಧಿಸದಿದ್ದರೆ ಪ್ರತಿ ಹೆಜ್ಜೆಗೂ ಪೂರ್ಣ ಎಡ, ಪೂರ್ಣ ಬಲ ಎಂದು ಮೋಟಾರನ್ನು ಅದುರಿಸುತ್ತದೆ. ಪರದೆಯ ಮೇಲೆ ಇದು ಕಾಣುವುದೇ ಇಲ್ಲ, ಗೇರಿನ ಹಲ್ಲುಗಳಿಗೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಕೋನ, ಗಾಡಿಯ ಸ್ಥಾನ, ಬಲ ಮತ್ತು ಬಲದ ಬದಲಾವಣೆ ಈ ನಾಲ್ಕಕ್ಕೂ ಸೂತ್ರದಲ್ಲಿ ಜಾಗವಿರಲಿ. ನೆಟ್‌ವರ್ಕ್ ಚಿಕ್ಕದಾಗಿರಲಿ. ವಿಳಂಬವಿರುವ ಯಂತ್ರದಲ್ಲಿ, ಹಿಂದಿನ ಕೆಲವು ಹೆಜ್ಜೆಗಳಲ್ಲಿ ಕಳುಹಿಸಿದ ಆಜ್ಞೆಗಳನ್ನೂ ಅದಕ್ಕೆ ತೋರಿಸಿ. ಇನ್ನೂ ತಲುಪದ ಆಜ್ಞೆಗಳು ಯಾವುವೆಂದು ತಿಳಿಯದೆ ಅದು ಸರಿಯಾಗಿ ನಿರ್ಧರಿಸಲಾರದು.

ಸಿಮ್ಯುಲೇಶನ್ ಮತ್ತು ಯಂತ್ರದ ನಡುವಿನ ಅಂತರವನ್ನು ದಾಟಲು ಸಿಮ್ಯುಲೇಟರಿನ ಅಂಕಿಗಳನ್ನೇ ಪ್ರತಿ ಪ್ರಯತ್ನದಲ್ಲಿ ಯಾದೃಚ್ಛಿಕವಾಗಿ ಬದಲಿಸುವ ವಿಧಾನ 2017ರಿಂದೀಚೆಗೆ ಬಹಳ ಪ್ರಚಲಿತವಾಗಿದೆ. ಓಪನ್‌ಎಐ ಸಂಸ್ಥೆಯು 2019ರಲ್ಲಿ ರೋಬಾಟಿನ ಹಸ್ತದಿಂದ ರೂಬಿಕ್ ಘನವನ್ನು ಬಿಡಿಸಿದ್ದು ಇದರ ವಿಸ್ತೃತ ರೂಪದಿಂದ. ಆದರೆ ಎಷ್ಟು ಬದಲಿಸಬೇಕು? ಮೂರನೆಯ ಹಂತದಲ್ಲಿ ಬರೆದಿಟ್ಟ ಹರವನ್ನು ಇಲ್ಲಿ ಬಳಸಿ. ಘರ್ಷಣೆಯ ಅಳತೆಗಳು 15 ಪ್ರತಿಶತ ಹರಡಿದ್ದರೆ ಅದಕ್ಕಿಂತ ತುಸು ಹೆಚ್ಚು ಬದಲಿಸಿ. ಮನಸ್ಸಿಗೆ ಬಂದಂತೆ ಎಲ್ಲವನ್ನೂ ಐದು ಪಟ್ಟು ಹಿಗ್ಗಿಸಿದರೆ, ಯಾವ ಯಂತ್ರಕ್ಕೂ ಸರಿಹೊಂದದ, ಅತಿ ಅಂಜುಬುರುಕ ನಿಯಂತ್ರಕ ಸಿಗುತ್ತದೆ.

7. ಪ್ರಯೋಗವನ್ನು ಎಣಿಕೆಗೆ ತಕ್ಕಂತೆ ಯೋಜಿಸಿ

ಕಲಿಕೆಯ ಫಲಿತಾಂಶವು ಆರಂಭದ ಯಾದೃಚ್ಛಿಕ ಬೀಜವನ್ನು, ಅಂದರೆ ಪ್ರೋಗ್ರಾಮಿನ ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ನಿರ್ಧರಿಸುವ ಆರಂಭದ ಅಂಕಿಯನ್ನು, ಅವಲಂಬಿಸಿರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಂಡರ್ಸನ್ ಮತ್ತು ಸಂಗಡಿಗರು, ಒಂದೇ ಕ್ರಮವಿಧಿಯನ್ನು ಒಂದೇ ಅಂಕಿಗಳೊಂದಿಗೆ ಹತ್ತು ಬೀಜಗಳಿಂದ ಓಡಿಸಿ, ಅವನ್ನು ಐದೈದರ ಎರಡು ಗುಂಪು ಮಾಡಿ ಸರಾಸರಿ ತೆಗೆದರು. ಎರಡು ಗೆರೆಗಳು ಬೇರೆ ಬೇರೆ ಕ್ರಮವಿಧಿಗಳವೇನೋ ಎಂಬಷ್ಟು ದೂರ ನಿಂತವು. ಹೀಗಿರುವಾಗ ಮೂರು ಬೀಜಗಳ ಸರಾಸರಿಯನ್ನು ನೆಚ್ಚಿಕೊಂಡು ಗೆಲುವನ್ನು ಸಾರುವಂತಿಲ್ಲ. ಕನಿಷ್ಠ ಹತ್ತು ಬೀಜಗಳನ್ನು ಬಳಸಿ, ಅಷ್ಟನ್ನೂ ಮೊದಲೇ ನಿರ್ಧರಿಸಿ, ಒಂದನ್ನೂ ಕೈಬಿಡದೆ ವರದಿ ಮಾಡಿ. ಸರಾಸರಿಯೊಂದಿಗೆ ವಿಶ್ವಾಸಾಂತರವನ್ನೂ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿಯ ಅಂದಾಜು), ಸಾಧ್ಯವಾದರೆ ಪ್ರತಿ ಬೀಜದ ಚುಕ್ಕಿಯನ್ನೂ ಗ್ರಾಫಿನಲ್ಲಿ ತೋರಿಸಿ.

ಎರಡು ನಿಯಂತ್ರಕಗಳನ್ನೂ ಅವೇ ಆರಂಭಸ್ಥಿತಿಗಳಿಂದ, ಅವೇ ತಳ್ಳುವಿಕೆಗಳೊಂದಿಗೆ ಪರೀಕ್ಷಿಸಿ. ಪ್ರತಿ ಓಟದ ಜೊತೆಗೆ ಕೋಡಿನ ಆವೃತ್ತಿ, ಬೀಜ ಮತ್ತು ಎಲ್ಲ ಅಂಕಿಗಳು ತಾವಾಗಿಯೇ ಒಂದು ಕಡತದಲ್ಲಿ ಉಳಿಯುವಂತೆ ಮಾಡಿ. ನೆನಪನ್ನು ನಂಬಬೇಡಿ.

8. ಯಂತ್ರದ ಮೇಲೆ ಓಡಿಸಿ

ತುರ್ತು ನಿಲುಗಡೆಯ ಗುಂಡಿಯು ತಂತ್ರಾಂಶವನ್ನು ಅವಲಂಬಿಸದೆ ಮೋಟಾರಿನ ವಿದ್ಯುತ್ತನ್ನೇ ಕಡಿಯುವಂತಿರಲಿ, ಮತ್ತು ಕೈಗೆಟುಕುವಷ್ಟು ಹತ್ತಿರವಿರಲಿ. ಮೋಟಾರಿನ ಕರೆಂಟಿಗೆ ಮಿತಿ ಹಾಕಿ. ಹಳಿಯ ಎರಡೂ ತುದಿಗಳಲ್ಲಿ ಸ್ವಿಚ್ ಇಡಿ. ನಿಯಂತ್ರಕದ ಪ್ರೋಗ್ರಾಮ್ ಸ್ತಬ್ಧವಾದರೆ ಆಜ್ಞೆ ತಾನಾಗಿಯೇ ಸೊನ್ನೆಯಾಗುವ ಕಾವಲು ಟೈಮರ್ ಇರಲಿ.

ಅನಂತರ ಮೊದಲು ಪರೀಕ್ಷಿಸಬೇಕಾದದ್ದು ಚಿಹ್ನೆಗಳನ್ನು. ಮೋಟಾರನ್ನು ಆರಿಸಿಟ್ಟು, ಕೋಲನ್ನು ಕೈಯಿಂದ ಬಲಕ್ಕೆ ಒರಗಿಸಿ, ನಿಯಂತ್ರಕವು ಯಾವ ಆಜ್ಞೆಯನ್ನು ಕಳುಹಿಸಬಯಸುತ್ತಿದೆ ಎಂದು ಪರದೆಯಲ್ಲಿ ಓದಿ. ಗಾಡಿಯನ್ನು ಬಲಕ್ಕೇ, ಅಂದರೆ ಬೀಳುತ್ತಿರುವ ಕೋಲಿನ ಕೆಳಕ್ಕೆ ಒಯ್ಯುವ ಆಜ್ಞೆ ಇರಬೇಕು. ಎನ್‌ಕೋಡರಿನ ಎರಡು ತಂತಿಗಳು ಅದಲುಬದಲಾಗಿದ್ದರೆ ಇದು ಎಡಕ್ಕೆ ತೋರಿಸುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಒಮ್ಮೆ ನೇರವಾಗಿ ಮೋಟಾರನ್ನು ಹಚ್ಚಿದ್ದರಿಂದ ಗಾಡಿ ಹಳಿಯ ತುದಿಗೆ ಅಪ್ಪಳಿಸಿ ಬೆಲ್ಟ್ ಹರಿದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ನಿಮಿಷ ಉಳಿಸಲು ಹೋಗಿ ಅಂದಿನ ಇಡೀ ದಿನದ ಕೆಲಸ ನಿಂತಿತು.

ಬಳಿಕ ಎಲ್‌ಕ್ಯೂಆರ್ ಅನ್ನು ಓಡಿಸಿ, ಅದು ಸಿಮ್ಯುಲೇಟರ್ ಹೇಳಿದಂತೆಯೇ ನಡೆಯುತ್ತದೆಯೇ ನೋಡಿ. ಅದೇ ಹೊಂದದಿದ್ದರೆ ಕಲಿತ ನಿಯಂತ್ರಕವನ್ನು ಹಚ್ಚುವ ಅವಸರ ಬೇಡ. ಮೂರನೆಯ ಹಂತಕ್ಕೆ ಹಿಂತಿರುಗಿ. ಆಜ್ಞೆ ಹೊರಟ ಕ್ಷಣವನ್ನೂ ಗಾಡಿ ಕದಲಿದ ಕ್ಷಣವನ್ನೂ ದಾಖಲಿಸಿ ವಿಳಂಬವನ್ನು ಅಳೆಯಿರಿ. ಅದು ಸ್ಥಿರವಾಗಿರದೆ ಏರಿಳಿಯುತ್ತಿದ್ದರೆ ಆ ಏರಿಳಿತವೂ ಸಿಮ್ಯುಲೇಟರಿಗೆ ಹೋಗಬೇಕು. ಇಂಥ ಎರಡು ಮೂರು ಸುತ್ತುಗಳು ಸಾಮಾನ್ಯ, ಮತ್ತು ಸಂಶೋಧನೆಯ ನಿಜವಾದ ತಿಳಿವಳಿಕೆ ಬೆಳೆಯುವುದು ಈ ಸುತ್ತುಗಳಲ್ಲೇ. ಕಲಿತ ನಿಯಂತ್ರಕದ ಸರದಿ ಬಂದಾಗ, ಆರಂಭದ ಓರೆಯನ್ನು 2 ಡಿಗ್ರಿಯಿಂದ ಶುರುಮಾಡಿ ಒಂದೊಂದೇ ಡಿಗ್ರಿ ಹೆಚ್ಚಿಸುತ್ತ, ಪ್ರತಿ ಓರೆಯಲ್ಲೂ ಇಪ್ಪತ್ತು ಬಾರಿ ಬಿಟ್ಟು, ಎಷ್ಟು ಬಾರಿ ಚೇತರಿಸಿತೆಂದು ಎಣಿಸಿ. ಮೋಟಾರ್ ಬಿಸಿಯಾದಂತೆ ಅದರ ವರ್ತನೆ ಬದಲಾಗುವುದರಿಂದ ಎರಡು ನಿಯಂತ್ರಕಗಳ ಸರದಿಯನ್ನು ಯಾದೃಚ್ಛಿಕವಾಗಿ ಬೆರೆಸಿ. ಬೆಳಗ್ಗೆಯೆಲ್ಲ ಒಂದು, ಸಂಜೆಯೆಲ್ಲ ಇನ್ನೊಂದು ಎಂಬಂತೆ ಓಡಿಸಬೇಡಿ.

9. ಬರೆಯುವಾಗ

ಫಲಿತಾಂಶದ ಕೋಷ್ಟಕದಲ್ಲಿ ಸಿಮ್ಯುಲೇಶನ್ ಮತ್ತು ಯಂತ್ರದ ಅಂಕಿಗಳನ್ನು ಅಕ್ಕಪಕ್ಕದ ಕಂಬಗಳಲ್ಲಿ ಇಡಿ; ಬೇರೆ ಬೇರೆ ಪುಟಗಳಲ್ಲಿ ಇಟ್ಟರೆ ಓದುಗರಿಗೆ ಅಂತರ ಕಾಣುವುದಿಲ್ಲ. ನಿಮ್ಮ ವಿಧಾನದ ಒಂದೊಂದೇ ಭಾಗವನ್ನು ತೆಗೆದು ಓಡಿಸಿದಾಗ ಏನಾಯಿತೆಂದು ತೋರಿಸಿ: ಯಾದೃಚ್ಛಿಕ ಬದಲಾವಣೆಯಿಲ್ಲದೆ, ಹಿಂದಿನ ಆಜ್ಞೆಗಳ ಮಾಹಿತಿಯಿಲ್ಲದೆ, ಬಲದ ದಂಡವಿಲ್ಲದೆ. ವೀಡಿಯೊ ಕೊಡುವುದಾದರೆ ವೇಗವನ್ನು ಬದಲಿಸಿದ್ದನ್ನು ಅದರ ಮೇಲೆಯೇ ಬರೆಯಿರಿ, ಮತ್ತು ಕೋಲು ಬಿದ್ದ ಓಟಗಳಲ್ಲಿ ಕೆಲವನ್ನಾದರೂ ಸೇರಿಸಿ. ಕೋಡಿನ ಜೊತೆಗೆ, ಯಂತ್ರದಿಂದ ದಾಖಲಿಸಿದ ಕಚ್ಚಾ ಅಂಕಿಗಳನ್ನೂ ಬಿಡುಗಡೆ ಮಾಡಿ. ನಿಮ್ಮ ಬಳಿಯಿರುವ ಯಂತ್ರ ಇನ್ನೊಬ್ಬರ ಬಳಿ ಇರಲಾರದು. ಆದರೆ ಆ ಇಪ್ಪತ್ತು ಓಲಾಟಗಳ ದಾಖಲೆಯಿದ್ದರೆ ಅವರು ತಮ್ಮ ಸಿಮ್ಯುಲೇಟರಿನಲ್ಲಿ ನಿಮ್ಮ ಕೋಲನ್ನು ಮತ್ತೆ ಕಟ್ಟಿಕೊಂಡು, ನಿಮ್ಮ ಲೆಕ್ಕವನ್ನು ಮೊದಲಿನಿಂದ ಪರೀಕ್ಷಿಸಬಲ್ಲರು.